ಬೆಳ್ಳಿ ಬೂಟಿನವರ ಪ್ಲೇಟು ಮತ್ತೆ ಕೇಳಿದ್ದು

ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೆ ನನಗೆ ಸಂಬಳ ಕೊಟ್ಟಿದ್ದು ಹಾಡು ಕೇಳುವುದಕ್ಕೆ. ಹೀಗೆಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ನಟ್ಟು ಬೋಲ್ಟು, ಲೇತ್ ಮಿಷನ್ನು, ಹೆಚ್ಚೆಂದರೆ ಗಾರ್ಮೆಂಟ್ಸು ಎಂದುಕೊಳ್ಳುತ್ತಾರೆ. ನಾನು ಇದ್ದದ್ದು ಗ್ರಾಮಫೋನ್ ರೆಕಾರ್ಡು ಒತ್ತುವ ಫ್ಯಾಕ್ಟರಿಯಲ್ಲಿ. ಆಗ ರೆಕಾರ್ಡಿಗೆ ಜನ ಪ್ಲೇಟು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಕುಂದಲಹಳ್ಳಿಯ ಒಂದು ಸ್ಟುಡಿಯೊದಲ್ಲಿ ಇದೇ ಕಸುಬಿಗೆ ಹೊಸದಾಗಿ ಸೇರುತ್ತಿರುವ ಮಕ್ಕಳು, "ಆಂಟಿ, ಆಗ ಹೇಗಿತ್ತು ಅಂತ ಬರೆದುಕೊಡಿ" ಎಂದು ಗಂಟುಬಿದ್ದಿದ್ದಾರೆ. ಬಡ್ತಿ, ಇನ್‌ಕ್ರಿಮೆಂಟು ಎಲ್ಲ ಬಂದವು ಹೋದವು, ಅವನ್ನು ಬಿಡುತ್ತೇನೆ. ಒಂದೇ ಒಂದು ಪ್ಲೇಟಿನ ಕಥೆ ಹೇಳುತ್ತೇನೆ. ಕೆಲಸವೆಲ್ಲ ಅದರಲ್ಲೇ ಬಂದುಬಿಡುತ್ತದೆ.

ಪ್ಲೇಟು ಹುಟ್ಟುವುದನ್ನು ಕಣ್ಣಾರೆ ಕಂಡವರು ಈಗ ಕಡಿಮೆ. ಕರಿ ಪ್ಲಾಸ್ಟಿಕ್ಕನ್ನು ಕಾಯಿಸಿ ರಾಗಿಮುದ್ದೆಯಂಥ ಉಂಡೆ ಮಾಡುತ್ತಿದ್ದರು. ಕೆಳಗೊಂದು ಮೇಲೊಂದು ಲೋಹದ ಅಚ್ಚು, ನಡುವೆ ಮುದ್ದೆ. ಪ್ರೆಸ್ಸು ಒತ್ತಿದರೆ ಆವಿ ಬುಸ್ಸೆಂದು ಹೋಗುವಷ್ಟರಲ್ಲಿ ಮುದ್ದೆ ಹಪ್ಪಳವಾಗಿ, ಹಪ್ಪಳದ ಮೈಮೇಲೆ ಹಾಡು ಕೂತಿರುತ್ತಿತ್ತು. ಪ್ರೆಸ್ಸು ನಡೆಸುತ್ತಿದ್ದವರು ಬಷೀರಣ್ಣ. ಅವರು ಒತ್ತಿದ ರಾಶಿಯಿಂದ ಆಗಾಗ ಒಂದು ಪ್ಲೇಟು ನಮ್ಮ ಕೇಳುವ ಕೋಣೆಗೆ ಬರುತ್ತಿತ್ತು. ನಾವು ಹೆಡ್‌ಫೋನ್ ಹಾಕಿಕೊಂಡು ಕೂತು, ಎಲ್ಲಾದರೂ ಚಟ್ ಎಂದಿತೇ, ಕರಕರ ಎಂದಿತೇ, ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳು ಹಾರಿತೇ ಎಂದು ಕೇಳಬೇಕು. ದೋಷವಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸು.

ನಮ್ಮ ವಿಭಾಗದ ಮುಖ್ಯಸ್ಥರು ಸೇತುರಾಮ್ ಸಾರ್. ಸಂಗೀತದ ಮನೆತನದವರು, ಇಸ್ತ್ರಿ ಮಾಡಿದ ಕರವಸ್ತ್ರ ಇಲ್ಲದೆ ಒಳಗೆ ಕಾಲಿಡುತ್ತಿರಲಿಲ್ಲ. ಮೊದಲ ದಿನವೇ ನನಗೆ ಹೇಳಿದ್ದರು: "ಸರೋಜಾ, ಹಾಡು ಕೇಳ್ಬೇಡಿ. ಹಾಡಿನ ಸುತ್ತ ಇರೋ ಸದ್ದು ಕೇಳಿ. ಹಾಡು ಕೇಳೋಕೆ ಜನ ನಮಗೆ ದುಡ್ಡು ಕೊಡ್ತಾರೆ. ನಿಮಗೆ ನಾವು ದುಡ್ಡು ಕೊಡ್ತೀವಿ."

ಹೇಳಿದ್ದು ಸರಿಯೇ, ಆದರೆ ಪಾಲಿಸುವುದು ಅವರಿಂದಲೇ ಆಗುತ್ತಿರಲಿಲ್ಲ. ಒಮ್ಮೆ ತೋಡಿ ರಾಗದ ಒಂದು ಪ್ಲೇಟನ್ನು ತಾವೇ ಪರೀಕ್ಷೆ ಮಾಡುತ್ತೇನೆಂದು ಕೂತರು. ಕಣ್ಣು ಮುಚ್ಚಿದರು. ತಲೆ ತೂಗಿತು. "ಆಹಾ, ಬಿಡ್ತಾನೇ ಇಲ್ಲ ನೋಡಿ, ಅದೇ ಸಂಗತೀನ ಹೇಗೆ ಹಿಡಿದುಕೂತಿದಾನೆ!" ಎಂದರು. ನಾನು ಬಗ್ಗಿ ನೋಡಿದೆ. ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು ಸುತ್ತುತ್ತಿತ್ತು. ಹೇಳುವುದೋ ಬೇಡವೋ ಎಂದು ಒದ್ದಾಡಿ, ಕಡೆಗೆ ಮುಳ್ಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದೆ. ಸಾರ್ ಕಣ್ಣು ತೆರೆದು, "ಬಿಟ್ಟ" ಎಂದು ನಿಟ್ಟುಸಿರಿಟ್ಟರು. ಆಮೇಲೆ ಅರ್ಥವಾಗಿ, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಗುತ್ತಾ ಹೊರಗೆ ಹೋದರು.

ನನ್ನ ಎಡವಟ್ಟುಗಳೂ ಇದ್ದವು. ಸೇರಿದ ಹೊಸತರಲ್ಲಿ ದೇವರನಾಮದ ಪ್ಲೇಟುಗಳಿಗೆ ಬೆಳಗಿನಿಂದ ಊಟದ ಹೊತ್ತಿನವರೆಗೆ ಕೆಂಪು ಚೀಟಿ ಅಂಟಿಸುತ್ತಲೇ ಹೋದೆ. ಪ್ರತಿಯೊಂದರಲ್ಲೂ ಮುಳ್ಳು ಹಾರುತ್ತಿತ್ತು. ಬಷೀರಣ್ಣ ಅಚ್ಚು ಬಿಚ್ಚಿ, ತೊಳೆದು, ಒರೆಸಿ ಸುಸ್ತಾದರು. ನೋಡಿದರೆ ಪಕ್ಕದ ಫ್ಯಾಕ್ಟರಿಯವರು ಹೊಸದಾಗಿ ದೊಡ್ಡ ಸುತ್ತಿಗೆ ಯಂತ್ರ ತಂದಿದ್ದರು. ಅದು ಢಬ್ ಎಂದಾಗಲೆಲ್ಲ ನನ್ನ ಮೇಜು ಕುಣಿಯುತ್ತಿತ್ತು. "ಅರೆ ಸರೋಜಮ್ಮ, ಪ್ಲೇಟಿಗೆ ಚೀಟಿ ಯಾಕೆ, ಹೋಗಿ ಆ ಗೋಡೆಗೆ ಅಂಟ್ಸಿ!" ಎಂದು ಬಷೀರಣ್ಣ ಗೋಳುಹೊಯ್ದುಕೊಂಡರು.

ಅಂಥ ದಿನಗಳಲ್ಲೇ ಬೆಳ್ಳಿ ಬೂಟಿನವರು ಬಂದದ್ದು.

ಅವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನ ಹುಡುಗರು. ವಾದ್ಯವೃಂದಕ್ಕೆ 'ಬೆಳ್ಳಿ ಬೂಟು' ಎಂದೇ ಹೆಸರು. ಹಾಡುವವನು ರಘು, ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಅವರು ಬಾರಿಸುತ್ತಿದ್ದುದು ಗ್ಲ್ಯಾಮ್ ರಾಕ್. ಅಂದರೆ ಗಂಡಸರು ಕಣ್ಣಿಗೆ ಕಾಡಿಗೆ, ಕೆನ್ನೆಗೆ ಮಿನುಗು ಹಚ್ಚಿಕೊಂಡು, ಮೊಣಕಾಲುದ್ದದ ಎತ್ತರ ಹಿಮ್ಮಡಿಯ ಬೂಟು ತೊಟ್ಟು, ನೆಲ ಅದುರುವ ಹಾಗೆ ಗಿಟಾರು ಬಾರಿಸುವ ಸಂಗೀತ. ವಿದೇಶದಲ್ಲಿ ಆ ಅಲೆ ಆಗಲೇ ಇಳಿದುಹೋಗಿತ್ತಂತೆ. ಜಾಲಹಳ್ಳಿಗೆ ಆಗತಾನೇ ಬಂದಿತ್ತು.

ತಮ್ಮ ಪ್ಲೇಟು ಒತ್ತುವುದನ್ನು ನೋಡಬೇಕೆಂದು ಅವರು ಪೂರ್ತಿ ವೇಷದಲ್ಲಿ, ಸಿಟಿ ಬಸ್ಸಿನಲ್ಲಿ ಬಂದಿಳಿದರು. ಗೇಟಿನ ಕಾವಲುಗಾರ ಮೇಲಿಂದ ಕೆಳಗೆ ನೋಡಿ, "ನಾಟಕದೋರಾ? ಯಾವ್ ಪಾತ್ರ?" ಎಂದ.

"ಪಾತ್ರ ಅಲ್ಲ ಅಣ್ಣ, ನಾವೇ ಇದು" ಎಂದ ರಘು.

ಬೂಟು ಮೊದಲಿಂದ ಬೆಳ್ಳಿ ಬಣ್ಣದ್ದಲ್ಲ. ಮಾಮೂಲಿ ಬೂಟಿಗೆ ಚಮ್ಮಾರನಿಂದ ಮರದ ಹಿಮ್ಮಡಿ ಹೊಡೆಸಿ, ಮನೆಯ ಗೇಟಿಗೆ ಹೊಡೆಯುವ ಬೆಳ್ಳಿ ಬಣ್ಣ ಬಳಿದಿದ್ದರು. ಅದಿನ್ನೂ ಒಣಗಿರಲಿಲ್ಲ. ಗೇಟಿನಿಂದ ಬಷೀರಣ್ಣನ ಪ್ರೆಸ್ಸಿನವರೆಗೆ ಸಿಮೆಂಟು ನೆಲದ ಮೇಲೆ ಬೆಳ್ಳಿ ಹೆಜ್ಜೆಗಳು ಮೂಡಿದವು. ಎಷ್ಟು ಉಜ್ಜಿದರೂ ಹೋಗಲಿಲ್ಲ. ವರ್ಷಗಳ ಕಾಲ ನಾವು ಅವುಗಳ ಮೇಲೆ ಕಾಲಿಟ್ಟುಕೊಂಡೇ ಊಟಕ್ಕೆ ಹೋಗುತ್ತಿದ್ದೆವು.

ಮೊದಲ ಪ್ಲೇಟು ನನ್ನ ಕೋಣೆಗೆ ಬಂತು. ಮುಳ್ಳು ಇಟ್ಟೆ. ಧಡ್ ಧಡ್ ಎಂದು ಡ್ರಮ್ಮು, ಅದರ ಮೇಲೆ ಕೀರಲು ಗಿಟಾರು, ಅದರ ಮೇಲೆ ರಘುವಿನ ದನಿ:

ಕನ್ನಡೀ ಕನ್ನಡೀ ಕಣ್ಣು ಮುಚ್ಚು,
ಬೀದಿಗೆ ಬರ್ತಾ ಇದೆ ಮಿಂಚು!

ಸಾರ್ ಹೇಳಿದ್ದೆಲ್ಲ ಮರೆತುಹೋಯಿತು. ಹಾಡನ್ನೇ ಕೇಳಿದೆ. ಪಾದ ತಾನಾಗಿ ಕುಣಿಯಿತು, ಹೆಡ್‌ಫೋನಿನ ತಂತಿ ಎಳೆದು ಮೇಜಿನ ಮೇಲಿದ್ದ ನೀರಿನ ಲೋಟ ಉರುಳಿತು. ಸಾರ್ ಕಿಟಕಿಯಿಂದ ನೋಡಿದರು. ಮತ್ತೆ ಮೊದಲಿನಿಂದ ಇಟ್ಟು, ಈ ಸಲ ಸದ್ದು ಕೇಳಿದೆ. ಪಲ್ಲವಿ ಬಂದಾಗಲೆಲ್ಲ ಹಿಂದೆ ಸಣ್ಣಗೆ ಕರಕರ. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ.

ಕೆಂಪು ಚೀಟಿ ಅಂಟಿಸಿದೆ. ಬಷೀರಣ್ಣ ಅಚ್ಚು ತೊಳೆದರು. ಕರಕರ ಹೋಗಲಿಲ್ಲ. ಹೊಸ ಅಚ್ಚು ಹಾಕಿದರು. ಆಗಲೂ ಹೋಗಲಿಲ್ಲ. "ಅಲ್ಲಾ ಸರೋಜಮ್ಮ, ಅಚ್ಚಲ್ಲ, ನಿಮ್ ಕಿವೀನೇ ತೊಳೀಬೇಕು ಅನ್ಸತ್ತೆ" ಎಂದು ಬಷೀರಣ್ಣ ರೇಗಿದರು. ನಾನೂ ರೇಗಿದೆ. ಕೊನೆಗೆ ಸೇತುರಾಮ್ ಸಾರ್ ಮೂಲ ಟೇಪು ತರಿಸಿ ಕೇಳಿ, "ಕರಕರ ಟೇಪಲ್ಲೇ ಇದೆ. ಅವರ ಕರ್ಮ. ಒತ್ತಿ ಕಳಿಸಿ" ಎಂದು ತೀರ್ಪು ಕೊಟ್ಟರು.

ಪ್ಲೇಟು ಮಾರಾಟವಾಗಲಿಲ್ಲ. ಆದರೆ ಅದರ ಒಂದಷ್ಟು ಪ್ರತಿಗಳು ಮಾತ್ರ ಸಕ್ಕತ್ ಓಡಿದವು. ಕಾರಣ, ಅವುಗಳ ಮೇಲೆ ಮಂಗಳವಾದ್ಯದ ಲೇಬಲ್ಲು ಇತ್ತು. ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಲೇಬಲ್ಲಿನ ಕಟ್ಟು ಅದಲುಬದಲಾಗಿತ್ತು. ನಮಗೆ ಗೊತ್ತಾಗಿದ್ದು ಮಾದನಾಯಕನಹಳ್ಳಿಯಿಂದ ಮದುವೆಯವರು ಬಂದಾಗ. ಹೆಣ್ಣಿನ ತಂದೆ ಸೇತುರಾಮ್ ಸಾರ್ ಎದುರು ನಿಂತು ಕೂಗಾಡಿದರು.

"ಪುರೋಯ್ತರು ಗಟ್ಟಿಮೇಳ ಗಟ್ಟಿಮೇಳ ಅಂದ್ರು ಸಾರ್. ನಮ್ ಉಡುಗ ಮುಳ್ಳು ಮಡಗ್ದ. ಕನ್ನಡೀ ಕನ್ನಡೀ ಅಂತ ಕಿರುಚ್ಕೊಂತು! ತಾಳಿ ಕಟ್ಟೋ ಒತ್ನಲ್ಲಿ!"

ಸಾರ್ ಮುಖ ಬಿಳಿಚಿಕೊಂಡಿತು. "ಅಯ್ಯೋ. ಆಮೇಲೆ?"

"ಆಮ್ಯಾಕೇನು, ಕಟ್ಟುದ್ವಿ. ಮೂರ್ತ ಮೀರ್ತಾ ಇತ್ತು."

ಅಷ್ಟರಲ್ಲಿ ಅವರ ಹಿಂದೆ ನಿಂತಿದ್ದ ಹೆಣ್ಣಿನ ಸೋದರಮಾವ ಮೆಲ್ಲಗೆ ಮುಂದೆ ಬಂದ. "ಸಾರ್, ತಪ್ ತಿಳ್ಕೋಬ್ಯಾಡಿ. ಅದೇ ಪ್ಲೇಟು ಇನ್ನೊಂದು ಸಿಕ್ಕತ್ತಾ? ಬೀಗರೂಟದಲ್ಲಿ ನಮ್ ಐಕ್ಳು ಆಕಿ ಆಕಿ ಸವೆಸ್ಬುಟ್ರು."

ಸಾರ್ ಕರವಸ್ತ್ರ ಹುಡುಕಿದರು. ಸಿಗಲಿಲ್ಲ. ಎಲ್ಲರೆದುರೇ ಗಹಗಹಿಸಿ ನಕ್ಕುಬಿಟ್ಟರು. ಆಮೇಲೆ ಎರಡು ಪ್ಲೇಟು ಕೊಟ್ಟು ಕಳಿಸಿದರು, ಮಂಗಳವಾದ್ಯದ್ದೊಂದು, ರಘುವಿನದೊಂದು.

ಮುಂದೆ ಕಾಲ ಓಡಿತು. ಕ್ಯಾಸೆಟ್ಟು ಬಂತು. ಹಾಡನ್ನು ಹತ್ತಾರು ಪಟ್ಟು ವೇಗದಲ್ಲಿ ಓಡಿಸಿ ಪ್ರತಿ ಮಾಡುವ ಯಂತ್ರಗಳು ಬಂದವು. ಭಾವಗೀತೆಗಳೆಲ್ಲ ಇಲಿ ಕಿರುಚಿದ ಹಾಗೆ ಕೇಳುತ್ತಿದ್ದವು. ನನಗೆ ಅದು ಎಂದೂ ಒಗ್ಗಲಿಲ್ಲ. ಬಷೀರಣ್ಣನ ಪ್ರೆಸ್ಸನ್ನು ಗುಜರಿಗೆ ಹಾಕಿದರು. ಆಮೇಲೆ ಸಿ.ಡಿ. ಬಂತು, ಕೋಣೆಗೆ ಏರ್‌ಕಂಡಿಷನರು ಬಂತು, ಕಾಲಿಗೆ ಬಟ್ಟೆಯ ಚೀಲ ಕಟ್ಟಿಕೊಂಡು ಒಳಗೆ ಹೋಗಬೇಕಾಯಿತು. ಒಂದು ದಿನ ಅದೂ ಮುಗಿಯಿತು. ನಾನು ನಿವೃತ್ತಳಾಗಿ ದಾಸರಹಳ್ಳಿಯ ಮನೆಯಲ್ಲಿ ಮಿಕ್ಸಿಯ ಸದ್ದಿನಲ್ಲಿ ದೋಷ ಹುಡುಕುತ್ತಾ ಕೂತೆ.

ಕಳೆದ ವರ್ಷ ಫೋನು ಬಂತು. "ಆಂಟಿ, ನಾನು ಸಹನಾ ಅಂತ. ಸೌಂಡ್ ಇಂಜಿನಿಯರು. ಬೆಳ್ಳಿ ಬೂಟು ಆಲ್ಬಮ್ ನಿಮಗೆ ನೆನಪಿದ್ಯಾ?"

ನಾನು ಅಡುಗೆಮನೆಯಲ್ಲಿ ನಿಂತೇ ಪಲ್ಲವಿ ಹಾಡಿದೆ. ಆ ಕಡೆಯಿಂದ ಕಿರುಚಿದ ಸದ್ದು. ಹುಡುಗಿ ಖುಷಿಗೆ ಕಿರುಚಿದ್ದಳು.

ವಿಷಯ ಇಷ್ಟು. ಹಳೆಯ ಪ್ಲೇಟು ಕೂಡಿಡುವ ಹುಚ್ಚಿನ ಹುಡುಗರು ಬೆಂಗಳೂರಿನಲ್ಲಿ ತುಂಬ ಇದ್ದಾರೆ. ಅವರ ಕೈಗೆ ರಘುವಿನ ಪ್ಲೇಟಿನ ಒಂದು ಪ್ರತಿ ಸಿಕ್ಕಿ, ಅದಕ್ಕೆ ಹೊಸ ಜೀವ ಕೊಟ್ಟು ಮತ್ತೆ ಹೊರತರುವ ಹಟಕ್ಕೆ ಬಿದ್ದಿದ್ದರು. ಡ್ರಮ್ಮು ಬಾರಿಸುತ್ತಿದ್ದವನು ತೀರಿಕೊಂಡಿದ್ದ. ಅವನ ಮಗಳ ಮನೆಯ ಅಟ್ಟದಲ್ಲಿ ಮೂಲ ಟೇಪು ಸಿಕ್ಕಿತ್ತು. ಸಹನಾ ಅದನ್ನು ಶುದ್ಧಮಾಡುತ್ತಿದ್ದಳು. ಪ್ಲೇಟು ಒತ್ತಿದ ಕಾಲದವರು ಯಾರಾದರೂ ಬಂದು ಕೇಳಲಿ ಎಂದು ನನ್ನನ್ನು ಹುಡುಕಿದ್ದಳು.

ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಕುಂದಲಹಳ್ಳಿಯಲ್ಲಿ ಇಳಿದೆ. ಸ್ಟುಡಿಯೊ ಒಂದು ಸೋಫಾ ಅಂಗಡಿಯ ಮೇಲಿದೆ. ಸಹನಾ ನನ್ನನ್ನು ಕೂರಿಸಿ ಕೆಲಸ ವಿವರಿಸಿದಳು. ಟೇಪು ಅಂಟಂಟಾಗಿತ್ತಂತೆ. ಒಂದು ಪೆಟ್ಟಿಗೆಯಲ್ಲಿಟ್ಟು ಸಣ್ಣ ಶಾಖದಲ್ಲಿ, ಸಂಡಿಗೆ ಒಣಗಿಸಿದ ಹಾಗೆ, ತಾಳ್ಮೆಯಿಂದ ಒಣಗಿಸಿದ್ದಾಳೆ. ಆಮೇಲೆ ಕಂಪ್ಯೂಟರಿಗೆ ಇಳಿಸಿದ್ದಾಳೆ. ಪರದೆಯ ಮೇಲೆ ಸದ್ದು ಬಣ್ಣಬಣ್ಣದ ಬೆಟ್ಟಗಳಾಗಿ ಕಾಣುತ್ತಿತ್ತು. ನಾವು ಕಿವಿಯಿಂದ ತಡಕಾಡುತ್ತಿದ್ದುದನ್ನು ಈ ಮಕ್ಕಳು ಕಣ್ಣಲ್ಲಿ ನೋಡುತ್ತಾರೆ. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

"ಪಲ್ಲವಿ ಹಿಂದೆ ಕರಕರ ಇದೆ, ಅದನ್ನ ತೆಗೆದ್ಯಾ?" ಎಂದು ಕೇಳಿದೆ.

"ತೆಗೀಲಿಲ್ಲ ಆಂಟಿ. ಅದು ಕರಕರ ಅಲ್ಲ ಅನ್ಸ್ತು. ಅದರ ಮೇಲಿದ್ದ ಮಂಕು ತೆಗೆದೆ. ಕೇಳಿ."

ಹೆಡ್‌ಫೋನ್ ಹಾಕಿಕೊಂಡೆ. ಡ್ರಮ್ಮು ಎದೆಯ ಮೇಲೇ ಬಡಿಯಿತು. ಗಿಟಾರು ಆಗ ಮಂಜಿನೊಳಗಿಂದ ಬರುತ್ತಿತ್ತು, ಈಗ ಪಕ್ಕದ ಕುರ್ಚಿಯಲ್ಲೇ ಕೂತಿದೆ. ರಘು ಪಲ್ಲವಿಗೆ ಮುಂಚೆ ಉಸಿರೆಳೆದುಕೊಳ್ಳುವುದೂ ಕೇಳಿತು. ಆಮೇಲೆ ಪಲ್ಲವಿ. ಅದರ ಹಿಂದೆ ಚಪ್ಪಾಳೆ. ಚಪ್ಪಾಳೆಯ ಜೊತೆಗೆ, ಝಲ್ ಝಲ್ ಎಂದು, ಬಳೆ! ಗಾಜಿನ ಬಳೆ! ಯಾರೋ ಹೆಂಗಸರು ಕೈತುಂಬ ಬಳೆ ತೊಟ್ಟುಕೊಂಡು ಚಪ್ಪಾಳೆ ಹೊಡೆಯುತ್ತಿದ್ದಾರೆ!

ನಾನು ಎದ್ದು ನಿಂತುಬಿಟ್ಟೆ. "ಬಷೀರಣ್ಣ! ಬಳೆ ಕಣ್ರೀ ಅದು!" ಎಂದು ಕೂಗಿದೆನಂತೆ. ಅಲ್ಲಿ ಬಷೀರಣ್ಣ ಎಲ್ಲಿದ್ದಾರೆ? ಸಹನಾ ನಗುತ್ತಾ ನನ್ನ ಎರಡೂ ಕೈ ಹಿಡಿದುಕೊಂಡಳು. ಸಾಸಿವೆ ಸಿಡಿಯುತ್ತಿದೆ ಎಂದು ನಾನು ಅಷ್ಟೊಂದು ಕೆಂಪು ಚೀಟಿ ಅಂಟಿಸಿದ್ದೆನಲ್ಲ, ಅದು ಅಷ್ಟು ಚೆಂದದ ಸದ್ದಾಗಿತ್ತು. ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಂಡೆ. ಕೊನೆಗೆ ಇಬ್ಬರೂ ಕುರ್ಚಿ ಸರಿಸಿ ಕುಣಿದೆವು. ಕೆಳಗಿನ ಸೋಫಾ ಅಂಗಡಿಯವನು ಬಂದು, "ಮೇಡಂ, ಕಸ್ಟಮರ್ ಇದಾರೆ" ಎಂದು ಬೇಡಿಕೊಂಡ.

ಸಹನಾ ಸುಸ್ತಾಗಿ ಕೂತು ನಿಜವಾದ ಸಮಸ್ಯೆ ಹೇಳಿದಳು. ರಘು ಒಪ್ಪುತ್ತಿಲ್ಲ. ಅವರ ಒಪ್ಪಿಗೆ ಇಲ್ಲದೆ ಹೊರತರುವುದು ಸರಿಯಲ್ಲ ಎಂದು ಹುಡುಗರೆಲ್ಲ ತೀರ್ಮಾನಿಸಿದ್ದಾರೆ. ಫೋನು ಮಾಡಿದರೆ, "ಅದು ನಾನಲ್ಲ" ಎಂದು ಇಟ್ಟುಬಿಡುತ್ತಾರಂತೆ.

"ನಡಿ, ಹೋಗೋಣ" ಎಂದೆ.

ಜಾಲಹಳ್ಳಿಯ ಮರಗಳ ಬೀದಿಯಲ್ಲಿ, ಕಾರ್ಖಾನೆಯ ನಿವೃತ್ತರೇ ಕಟ್ಟಿಕೊಂಡ ಬಡಾವಣೆಯಲ್ಲಿ ಅವರ ಮನೆ. ಬಾಗಿಲು ತೆರೆದದ್ದು ಬಿಳಿ ಜುಬ್ಬದ, ವಿಭೂತಿ ಹಚ್ಚಿದ ಹಿರಿಯರು. ನನ್ನನ್ನು ಗುರುತಿಸಲಿಲ್ಲ. ಪೀಣ್ಯದ ಫ್ಯಾಕ್ಟರಿ, ಬೆಳ್ಳಿ ಹೆಜ್ಜೆ ಎಂದ ಕೂಡಲೇ ಮುಖ ಅರಳಿ, ತಕ್ಷಣ ಮುದುಡಿತು.

"ಸರೋಜಮ್ಮ, ನಾನೀಗ ಬಡಾವಣೆ ಸಂಘದ ಅಧ್ಯಕ್ಷ. ಭಜನೆ ಮಂಡಳಿ ಬೇರೆ ಇದೆ. ನೀರಿನ ಟ್ಯಾಂಕರ್‌ನವನ ಹತ್ರ ದಿನಾ ಗಟ್ಟಿಯಾಗಿ ಮಾತಾಡ್ಬೇಕು. ಅವನ ಮೊಬೈಲಿಗೆ ನಾನು ಲಿಪ್‌ಸ್ಟಿಕ್ ಹಚ್ಕೊಂಡಿರೋ ಫೋಟೊ ಬಂದ್ರೆ, ನೀರು ಬಿಡ್ತಾನಾ?"

ಸಹನಾ ನಗು ತಡೆದುಕೊಂಡಳು. ಆದರೆ ರಘು ನಗಲಿಲ್ಲ. ಮೆಲ್ಲಗೆ ಹೇಳಿದರು: "ಪ್ಲೇಟು ಬಂದ ವಾರವೇ ಕಾರ್ಖಾನೆ ದೊಡ್ಡ ಸಾಹೇಬ್ರು ಕರೆಸಿ, ಎಲ್ಲರೆದುರು ಕೇಳಿದ್ರು, ನೀನು ಗಂಡಸೋ ಹೆಂಗಸೋ ಅಂತ. ನಮ್ಮಪ್ಪ ಅಲ್ಲೇ ಫೋರ್‌ಮನ್. ತಲೆ ತಗ್ಗಿಸಿ ನಿಂತಿದ್ರು. ಆಮೇಲೆ ತುಂಬ ದಿನ ನನ್ನ ಜೊತೆ ಮಾತಾಡ್ಲಿಲ್ಲ. ಗಿಟಾರು ಮಾರ್ಬಿಟ್ಟೆ. ಅದೆಲ್ಲ ಮತ್ತೆ ಯಾಕಮ್ಮಾ?"

"ಹೋಗಲಿ ಬಿಡಿ. ಒಂದು ಸಲ ಕೇಳಿ, ಅಷ್ಟೇ" ಎಂದೆ. ಸಹನಾ ಚೀಲದಿಂದ ಪುಟ್ಟ ಸ್ಪೀಕರು ತೆಗೆದು ಟೀಪಾಯಿಯ ಮೇಲಿಟ್ಟಳು.

ಹಾಡು ಶುರುವಾಯಿತು. ರಘು ಜುಬ್ಬದ ತುದಿ ಹಿಂಡುತ್ತಾ ನೆಲ ನೋಡುತ್ತಿದ್ದರು. ಪಲ್ಲವಿ ಬಂತು, ಚಪ್ಪಾಳೆ ಬಂತು, ಝಲ್ ಝಲ್ ಬಂತು. ಅಡುಗೆಮನೆಯಿಂದ ಕಾಫಿ ತರುತ್ತಿದ್ದ ಅವರ ಹೆಂಡತಿ ರತ್ನಾ ಬಾಗಿಲಲ್ಲೇ ನಿಂತರು. ತಟ್ಟೆಯ ಮೇಲೆ ಲೋಟಗಳು ಕಿಣಿಕಿಣಿ ಎಂದವು.

"ರೀ," ಎಂದರು. "ನನ್ನ ಬಳೆ."

ಸಹನಾ ಹಾಡು ನಿಲ್ಲಿಸಿದಳು. "ನಿಲ್ಲಿಸ್ಬೇಡಮ್ಮಾ!" ಎಂದು ರತ್ನಾ ಗದರಿದರು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಸ್ಪೀಕರಿನ ಮುಂದೆ ಕೂತರು. "ನಾವು ನಾಲ್ಕು ಜನ ಹುಡುಗೀರು. ಲೈಬ್ರರಿಗೆ ಹೋಗ್ತೀವಿ ಅಂತ ಮನೇಲಿ ಸುಳ್ಳು ಹೇಳಿ ರೆಕಾರ್ಡಿಂಗಿಗೆ ಹೋಗಿದ್ವಿ. ಬಳೆ ತೆಗೆದು ಚಪ್ಪಾಳೆ ಹೊಡೀರಿ ಅಂತ ಇವ್ರು ಹೇಳಿದ್ರು. ಎಲ್ಲರೂ ತೆಗೆದ್ರು. ನಾನು ತೆಗೀಲಿಲ್ಲ. ಪ್ಲೇಟು ಬಂದ್ಮೇಲೆ ಎಷ್ಟು ಕಿವಿಗೊಟ್ಟು ಕೇಳಿದ್ರೂ ನಮ್ಮ ಸದ್ದೇ ಇರ್ಲಿಲ್ಲ. ಅಳಿಸ್ಬಿಟ್ರು ಅಂದ್ಕೊಂಡಿದ್ದೆ."

"ಅಳಿಸಿಲ್ಲ ಕಣೇ, ಮುಚ್ಚಿಹೋಗಿತ್ತು" ಎಂದರು ರಘು.

"ಪ್ಲೇಟಿನ ಮೇಲೆ ನಮ್ಮ ಹೆಸರೂ ಹಾಕ್ಲಿಲ್ಲ."

"ಹಾಕಿದ್ರೆ ನಿಮ್ಮನೇಲಿ ಗೊತ್ತಾಗ್ತಿತ್ತು. ನೀನೇ ಬೇಡ ಅಂದಿದ್ದೆ."

"ಆಗ ಬೇಡ ಅಂದೆ. ಆಗ ಅಪ್ಪನ ಹೆದರಿಕೆ ಇತ್ತು. ಈಗ ನಾನು ಯಾರಿಗೆ ಹೆದರ್ಬೇಕು?" ರತ್ನಾ ಸಹನಾಳ ಕಡೆ ತಿರುಗಿದರು. "ನೋಡಮ್ಮಾ, ಇವ್ರಿಗೆ ಮರ್ಯಾದೆ ಹೋಗತ್ತೆ ಅಂದ್ರೆ ಇವ್ರ ಹೆಸರು ತೆಗೆದುಬಿಡಿ. ನಮ್ಮ ನಾಲ್ಕು ಜನರ ಹೆಸರು ದೊಡ್ಡದಾಗಿ ಹಾಕಿ."

ರಘು ಹೆಂಡತಿಯನ್ನೇ ನೋಡಿದರು. ಆಮೇಲೆ ಕೇಳಿದರು, "ದೊಡ್ಡದಾಗಿ ಅಂದ್ರೆ? ನನ್ನದಕ್ಕಿಂತ ದೊಡ್ಡದಾಗಾ?"

"ಹೂಂ."

"ಸರಿ. ಆದರೆ ಅಕ್ಷರದ ಬಣ್ಣ ಬೆಳ್ಳಿದೇ ಇರ್ಬೇಕು" ಎಂದರು ರಘು. ಸಹನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ಹಿಡಿದಿದ್ದ ತಟ್ಟೆಯಲ್ಲಿ ಕಾಫಿ ಅರ್ಧ ಚೆಲ್ಲಿಹೋಗಿತ್ತು. ಯಾರೂ ಬೈಯಲಿಲ್ಲ.

ಬಿಡುಗಡೆ ಕುಂದಲಹಳ್ಳಿಯ ಒಂದು ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ. ರಘು, ರತ್ನಾ, ನಾನು ಮೂವರೂ ಮೆಟ್ರೊದಲ್ಲೇ ಹೋದೆವು. ರಘು ಅಷ್ಟು ಸೆಖೆಯಲ್ಲೂ ಸೊಂಟದಿಂದ ಕಾಲಿನವರೆಗೆ ಶಾಲು ಸುತ್ತಿಕೊಂಡಿದ್ದರು. ಯಾಕೆ ಎಂದು ಕೇಳಿದರೆ, "ಎರಡು ಮಾತಾಡಿ ಇಳಿದುಬಿಡ್ತೀನಿ" ಎಂದಷ್ಟೇ ಅನ್ನುತ್ತಿದ್ದರು.

ಸಭಾಂಗಣ ತುಂಬಿತ್ತು. ಆ ಹಾಡನ್ನು ಮೊದಲೇ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ವೈಟ್‌ಫೀಲ್ಡಿನ ಕಂಪನಿಗಳ ಹುಡುಗ ಹುಡುಗಿಯರು ಕೆನ್ನೆಗೆ ಮಿನುಗು ಹಚ್ಚಿಕೊಂಡು ಬಂದಿದ್ದರು. ಬಾಗಿಲಲ್ಲಿ ಯಾರೋ ನನ್ನ ಕೆನ್ನೆಗೂ ಹಚ್ಚಿಬಿಟ್ಟರು. ಚಪ್ಪಾಳೆಯ ಗೆಳತಿಯರಲ್ಲಿ ಇನ್ನೊಬ್ಬರೂ ಬಂದಿದ್ದರು. ಅವರು ಮತ್ತು ರತ್ನಾ ಕೈತುಂಬ ಹಸಿರು ಗಾಜಿನ ಬಳೆ ತೊಟ್ಟು ಮೈಕಿನ ಮುಂದೆ ನಿಂತರು. ಸ್ಟುಡಿಯೊದ ಮಕ್ಕಳೇ ಡ್ರಮ್ಮು, ಗಿಟಾರು ಹಿಡಿದರು.

ರಘು ಮೈಕಿನ ಹತ್ತಿರ ಬಂದು "ಎಲ್ಲರಿಗೂ ನಮಸ್ಕಾರ" ಎಂದರು. ಡ್ರಮ್ಮು ಧಡ್ ಎಂದಿತು. ಅವರು ಶಾಲನ್ನು ಕಿತ್ತೆಸೆದರು. ಒಳಗೆ ಹೊಸದಾಗಿ ಹೊಲಿಸಿದ ಬಿಗಿ ಬೆಳ್ಳಿ ಪ್ಯಾಂಟು! ಸಭೆ ಹುಚ್ಚೆದ್ದು ಕೂಗಿತು. ರಘು ಹಾಡಿದರು. ದನಿ ಸ್ವಲ್ಪ ಒಡೆದಿತ್ತು, ಎರಡನೇ ಚರಣ ಪೂರ್ತಿ ಮರೆತುಹೋಯಿತು. ಮುಂದಿನ ಸಾಲಿನ ಮಕ್ಕಳೇ ಹಾಡಿ ದಾಟಿಸಿದರು. ಅವರಿಗೆ ಆ ಸಾಲು ಬರುತ್ತದೆ ಎಂದು ಗೊತ್ತಾದಾಗ ರಘು ಮೈಕನ್ನು ಅವರ ಕಡೆ ಹಿಡಿದು, ಬಾಯಿ ತೆರೆದುಕೊಂಡು ಕೇಳುತ್ತಾ ನಿಂತುಬಿಟ್ಟರು. ಸೇತುರಾಮ್ ಸಾರ್ ಇದ್ದಿದ್ದರೆ ಎಂದು ನಾನು ಅಂದುಕೊಂಡೆ. ಅಷ್ಟರಲ್ಲಿ ಸಹನಾ ಬಂದು ನನ್ನನ್ನೂ ಎಳೆದುಕೊಂಡು ಹೋದಳು. ಏನು ಕುಣಿದೆನೋ ದೇವರೇ ಬಲ್ಲ. ಮರುದಿನ ಮೊಣಕಾಲಿಗೆ ಮುಲಾಮು ಹಚ್ಚಿಕೊಂಡೆ.

ಹೊಸ ಮಕ್ಕಳೇ, ಕೆಲಸದ ಬಗ್ಗೆ ಕೇಳಿದಿರಲ್ಲ. ಕಿವಿಗೆ ನಡುನಡುವೆ ವಿಶ್ರಾಂತಿ ಕೊಡಿ. ಸದ್ದನ್ನು ಅಳಿಸುವ ಮೊದಲು ಸಹನಾಳ ಹಾಗೆ ಇನ್ನೊಂದು ಸಲ ಕೇಳಿ. ಇನ್ನು ಹಾಡು ನಿಮ್ಮನ್ನು ಹಿಡಿದುಕೊಂಡಾಗ ಕುಣಿಯಿರಿ, ಲೋಟ ಮಾತ್ರ ದೂರ ಇಡಿ.

ಸಂಜೆ ವಾಪಸು ಬರುವಾಗ ಮೆಟ್ರೊ ತುಂಬಿತ್ತು. ಶಾಲು ಎಲ್ಲೋ ಕಳೆದುಹೋಗಿತ್ತು. ರಘು ಬೆಳ್ಳಿ ಪ್ಯಾಂಟಿನಲ್ಲೇ ಕಂಬ ಹಿಡಿದು ನಿಂತಿದ್ದರು. ಡಬ್ಬಿಯವರೆಲ್ಲ ನೋಡುತ್ತಿದ್ದರು. ಒಬ್ಬ ಯುವಕ ಎದ್ದು, "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ಸೀಟು ಬಿಟ್ಟುಕೊಟ್ಟ.

"ಬೇಡ ಮಗಾ, ನೀನೇ ಕೂತ್ಕೊ" ಎಂದರು ರಘು, ಡಬ್ಬಿಗೆಲ್ಲ ಕೇಳುವ ಹಾಗೆ. "ನಾನು ಕೂತ್ರೆ ಪ್ಯಾಂಟು ಹರಿಯತ್ತೆ."